ಎಲ್ಲಿಂದ ಎಲ್ಲಿಗೆ ಒಂದು ಗಂಟೆ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಕಂಡುಹಿಡಿಯುವುದು ಕಷ್ಟದ ಕೆಲಸವಲ್ಲ. ಎರಡರ ಅಕ್ಷಾಂಶ ರೇಖಾಂಶ ಗೊತ್ತಿದ್ದರೆ ಸಾಕು, ಉಳಿದದ್ದನ್ನು ಸೂತ್ರ ನೋಡಿಕೊಳ್ಳುತ್ತದೆ. ಬಂದ ದೂರವನ್ನು ವಿಮಾನದ ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಎಂದು ಅರ್ಧ ಗಂಟೆ ಸೇರಿಸಿದರೆ ಅದೇ ಪ್ರಯಾಣದ ಸಮಯ. ಭೂಗೋಳಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದಕ್ಕೆ ಸೇರಿದಾಗ ನನಗೆ ಸಿಕ್ಕ ಮೊದಲ ಕೆಲಸ ಇದು. ಪ್ರಯಾಣದ ಜಾಲತಾಣಗಳಿಗೆ ನಾವು ಪುಟಗಳನ್ನು ಮಾಡಿಕೊಡುತ್ತಿದ್ದೆವು. ಸಣ್ಣ ದೊಡ್ಡ ನಿಲ್ದಾಣಗಳನ್ನೆಲ್ಲ ಜೋಡಿ ಮಾಡಿ, ಜೋಡಿಗೊಂದು ಪುಟ. ಕಲಬುರಗಿಯಿಂದ ಮೈಸೂರು, ಬೆಳಗಾವಿಯಿಂದ ಶಿವಮೊಗ್ಗ, ಬೀದರಿನಿಂದ ಹುಬ್ಬಳ್ಳಿ. ಅಂಥ ಎಷ್ಟೋ ಜೋಡಿಗಳ ನಡುವೆ ನೇರವಾಗಿ ಹಾರುವ ವಿಮಾನವೇ ಇರುತ್ತಿರಲಿಲ್ಲ. ಆದರೂ ಪುಟ ಇರುತ್ತಿತ್ತು, ಪುಟದಲ್ಲಿ ದೂರ ಇರುತ್ತಿತ್ತು, ಎಷ್ಟು ಹೊತ್ತಿನಲ್ಲಿ ತಲುಪುತ್ತೀರಿ ಎಂಬುದೂ ಇರುತ್ತಿತ್ತು.

ಹಾರದ ವಿಮಾನಕ್ಕೆ ಸಮಯ ಹೇಳುವುದು ಸರಿಯೇ ಎಂದು ಹೊಸತರಲ್ಲಿ ಒಮ್ಮೆ ಪಕ್ಕದ ಸೀಟಿನವನನ್ನು ಕೇಳಿದ್ದೆ. ಅವನು ನನಗಿಂತ ಹಳಬ. ಪರದೆಯಿಂದ ಕಣ್ಣು ತೆಗೆಯದೆ, “ಹಾರಿದ್ರೆ ಇಷ್ಟೊತ್ತಾಗುತ್ತೆ ಅಂತ ಹೇಳ್ತಿದೀವಿ ಅಷ್ಟೇ. ಹಾರುತ್ತೆ ಅಂತ ಎಲ್ಲಿ ಹೇಳಿದ್ವಿ?” ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಮತ್ತೆ ಆ ಪ್ರಶ್ನೆ ಎತ್ತಲಿಲ್ಲ.

ಆಗ ನಾನು ಚಂದಾಪುರದ ಹತ್ತಿರ, ಹೊಸೂರು ರಸ್ತೆಯಿಂದ ಸ್ವಲ್ಪ ಒಳಗಿರುವ ಊರಿನಲ್ಲಿ ಬಾಡಿಗೆಗಿದ್ದೆ. ಮಹಡಿಯ ಮೇಲೆ ನಾನೊಬ್ಬಳೇ, ಕೆಳಗೆ ಮನೆಯವರು. ಹಿಂದುಗಡೆ ಸಾಲಾಗಿ ಕಟ್ಟಿಸಿದ ಒಂಟಿ ಕೋಣೆಗಳಲ್ಲಿ ಅತ್ತಿಬೆಲೆಯ ಕಾರ್ಖಾನೆಗಳಿಗೆ ಹೋಗುವ ಉತ್ತರ ಕರ್ನಾಟಕದ ಹುಡುಗರು. ಆ ಕೋಣೆಗಳು ನಿಂತಿರುವ ಜಾಗದಲ್ಲಿ ಮೊದಲು ಮನೆಯವರು ರಾಗಿ ಬೆಳೆಯುತ್ತಿದ್ದರಂತೆ. ಯಜಮಾನರನ್ನು ನಾನು ಅಂಕಲ್ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಆಂಟಿ. ಅಂಕಲ್ ಮಾತು ಕಡಿಮೆ. ಅವರ ಪಾಲಿನದನ್ನೂ ಆಂಟಿಯೇ ಆಡಿ ಮುಗಿಸುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ನಾನು ಆ ಮನೆಗೆ ಬರುವ ಮೊದಲೇ ಅವಳು ಹಿಂದಿನ ಒಂಟಿ ಕೋಣೆಯೊಂದರಲ್ಲಿದ್ದ ಗದಗಿನ ಹುಡುಗನನ್ನು ಮೆಚ್ಚಿ, ರಿಜಿಸ್ಟರ್ ಮದುವೆಯಾಗಿ ಹೋಗಿದ್ದಳು. ಅವನು ಆಮೇಲೆ ತನ್ನ ಊರಿನ ಕಡೆಯೇ ಗಾಳಿಯಂತ್ರಗಳ ಕಂಪನಿಯಲ್ಲಿ ಕೆಲಸ ಹಿಡಿದು ಗದಗಿನಲ್ಲಿ ಮನೆ ಮಾಡಿದ್ದ. ಸುದ್ದಿ ತಿಳಿದ ದಿನ ಅಂಕಲ್ ಕೂಗಾಡಲಿಲ್ಲವಂತೆ. ಅಷ್ಟು ದೂರ ಯಾರು ಹೋಗಿ ಬರುತ್ತಾರೆ ಎಂದಷ್ಟೇ ಹೇಳಿದರಂತೆ. ಅಲ್ಲಿಂದಾಚೆ ಆ ಮನೆಯಲ್ಲಿ ಜಗಳದ ಜಾಗದಲ್ಲಿ ದೂರ ಎಂಬ ಮಾತು ಕೂತಿತು. ಮಗಳ ಸೀಮಂತಕ್ಕೆ ಹೋಗಲಿಲ್ಲ, ದೂರ. ಮೊದಲ ಹೆರಿಗೆಗೆ ಕರೆತರಲಿಲ್ಲ, ಅಷ್ಟು ದೂರದಿಂದ ಬಸುರಿಯನ್ನು ಹೇಗೆ ತರುವುದು. ಇದನ್ನೆಲ್ಲ ಆಂಟಿ ನನಗೆ ಹೇಳಿದ್ದು ತಾರಸಿಯ ಮೇಲೆ ಬಟ್ಟೆ ಹರವುತ್ತ, ಕ್ಲಿಪ್ಪುಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು. ನಾನಾಗಿ ಕೇಳಿರಲಿಲ್ಲ. ಬೇರೆಯವರ ಮನೆಯ ಮಾತನ್ನು ಕೆದಕುವ ಅಭ್ಯಾಸ ನನಗಿಲ್ಲ. ಬಹುಶಃ ಅದಕ್ಕೇ ಹೇಳಿದರು.

ಮಗುವಿಗೆ ಮೂರು ತಿಂಗಳಾದಾಗ ತೊಟ್ಟಿಲು ಹಾಕುವ ದಿನ ಗೊತ್ತಾಯಿತು. ಒಂದು ಬುಧವಾರ, ಸಂಜೆ. ಮಗಳು ಫೋನ್ ಮಾಡಿ ಅಮ್ಮನನ್ನು ಕರೆದಳು. ಮೊದಲ ಮಗುವನ್ನು ತಾಯಿಮನೆಯಿಂದ ಬಂದ ಹಾಸಿನ ಮೇಲೆ ಮಲಗಿಸಬೇಕು, ಅದು ಅಂಗಡಿಯಿಂದ ತರುವಂಥದ್ದಲ್ಲ ಎಂದು ಆಂಟಿ ನನಗೆ ಎರಡು ಮೂರು ಸಲ ಹೇಳಿದರು. ಹಳೆಯ ಮೆತ್ತನೆ ಸೀರೆಗಳನ್ನು ಪದರ ಪದರವಾಗಿ ಹೊಲಿದು ಆಗಲೇ ಹಾಸು ಸಿದ್ಧಮಾಡಿದ್ದರು. ಬಾಕಿ ಇದ್ದದ್ದು ಗಂಡನ ಒಪ್ಪಿಗೆ.

ರೈಲಿನಲ್ಲಾದರೆ ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ. ಅಂಕಲ್ ಒಂದು ರಾತ್ರಿಗೂ ಒಪ್ಪಲಿಲ್ಲ. ಅವರ ಕಡೆ ಈ ವಿಷಯದಲ್ಲಿ ಒಂದು ಖಚಿತವಾದ ಗೆರೆ ಇತ್ತು. ಹೋಗಿ ನೋಡಿಕೊಂಡು ಬರುವುದು ಬೇರೆ, ಉಳಿಯುವುದು ಬೇರೆ. ಹೋಗಿ ಬಂದರೆ ಯಾವುದಕ್ಕೂ ಒಪ್ಪಿದಂತಾಗುವುದಿಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ರಾತ್ರಿ ಮಲಗಿ ಎದ್ದು ಬಂದರೆ ಬೀಗರಾದ ಹಾಗೆ. ಅಂಕಲ್ ಲೆಕ್ಕದಲ್ಲಿ ತಾವು ಹೆಣ್ಣು ಕೊಟ್ಟಿರಲಿಲ್ಲ.

ಹೀಗೆ ಒಂದು ವಾರ ನಡೆಯಿತು. ಆಮೇಲೊಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಅಂಕಲ್ ಜಗಲಿಯ ಮೇಲೆ ಕೂತು ಫೋನನ್ನು ಬಾಯಿ ಹತ್ತಿರ ಹಿಡಿದು, ಬೆಂಗಳೂರಿಂದ ಹುಬ್ಬಳ್ಳಿಗೆ ವಿಮಾನ ಎಷ್ಟೊತ್ತು ಎಂದು ಕೇಳುತ್ತಿದ್ದರು. ಗದಗಿಗೆ ಹತ್ತಿರದ ನಿಲ್ದಾಣ ಹುಬ್ಬಳ್ಳಿಯೇ. ಫೋನು ಒಂದು ಪುಟ ತೆರೆಯಿತು. ಅದು ನಮ್ಮ ಕಂಪನಿ ಮಾಡಿದ ಪುಟವೋ ಅಲ್ಲವೋ ಗೊತ್ತಿಲ್ಲ, ನಾನು ಬಗ್ಗಿ ನೋಡಲಿಲ್ಲ. ಆದರೆ ಅಂಕಲ್ ಒಳಗೆ ಕೇಳುವಂತೆ ಓದಿದ ಅಂಕಿ ನನಗೆ ಪರಿಚಿತವಾಗಿತ್ತು.

“ಒಂದು ಗಂಟೆಯಂತೆ ಕಣೇ. ಮೆಜೆಸ್ಟಿಕ್ಕಿಗೋಗೋದಕ್ಕಿಂತ ಅತ್ರ ಐತೆ,” ಎಂದರು. “ಬೆಳಗ್ಗೆ ಓಗು. ರಾತ್ರಿ ಉಂಬೋ ಒತ್ತಿಗೆ ಮನೇಲಿರು.”

ನಮ್ಮಲ್ಲಿ ಯಾರೂ ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಸರ್ಜಾಪುರ ಎಷ್ಟು ದೂರ ಎಂದರೆ ಮುಕ್ಕಾಲು ಗಂಟೆ ಎನ್ನುತ್ತಾರೆ, ಸಂಜೆಯಾದರೆ ಒಂದೂವರೆ ಎನ್ನುತ್ತಾರೆ. ಒಂದೇ ಊರು ಬೆಳಿಗ್ಗೆ ಹತ್ತಿರ, ಸಂಜೆ ದೂರ. ಹೀಗೆ ಮಾತಾಡುವ ಊರಿನಲ್ಲಿ ಗದಗು ಒಂದು ಗಂಟೆ ಎಂದ ಕೂಡಲೇ ಅದು ನಿಜವಾಗಿಯೂ ಹತ್ತಿರ ಬಂದುಬಿಟ್ಟಿತು. ಮೂರು ವರ್ಷ ದೂರದ ಹೆಸರಿನಲ್ಲಿ ತಡೆದಿಟ್ಟದ್ದನ್ನು ಒಂದು ಗಂಟೆಯ ಹೆಸರಿನಲ್ಲಿ ಬಿಟ್ಟುಕೊಡಲು ಅಂಕಲ್‌ಗೆ ದಾರಿ ಸಿಕ್ಕಿತ್ತು.

ಅದೇ ಸಂಜೆ ಆಂಟಿ ಮಹಡಿಗೆ ಬಂದು ಟಿಕೆಟ್ ತೆಗೆದುಕೊಡಲು ಹೇಳಿದರು. ನಾನು ಲ್ಯಾಪ್‌ಟಾಪ್ ತೆರೆದು ನೋಡಿದೆ. ಬುಧವಾರ ಹೋಗಲು ಬೆಳಗಿನ ವಿಮಾನವಿತ್ತು. ಹಿಂದಿರುಗಲು ಇದ್ದದ್ದು ಮಧ್ಯಾಹ್ನ ಮೂರರ ಸುಮಾರಿನದು ಒಂದೇ. ಅದನ್ನು ಹಿಡಿಯಬೇಕೆಂದರೆ ಗದಗನ್ನು ಹನ್ನೆರಡಕ್ಕೇ ಬಿಡಬೇಕು. ತೊಟ್ಟಿಲು ಸಂಜೆ. ಮಗುವನ್ನು ನೋಡಬಹುದು, ಎತ್ತಿಕೊಳ್ಳಬಹುದು, ಹಾಸನ್ನು ಕೈಗೆ ಕೊಟ್ಟು ಬರಬಹುದು. ಆ ಹಾಸಿನ ಮೇಲೆ ಮಗುವನ್ನು ಮಲಗಿಸಲು ಮಾತ್ರ ಅವರು ಅಲ್ಲಿರುವುದಿಲ್ಲ.

ಇದನ್ನು ಹಾಗೆಯೇ ಹೇಳಿದೆ. ಆಂಟಿ ಸ್ವಲ್ಪ ಹೊತ್ತು ನನ್ನ ಪರದೆಯನ್ನು ನೋಡಿದರು. ಅವರಿಗೆ ಅದರಲ್ಲೇನೂ ತಿಳಿಯುತ್ತಿರಲಿಲ್ಲ.

“ಬರೋದಕ್ಕೂ ತಗೋ,” ಎಂದರು. “ಅವರಿಗೆ ತೋರಿಸ್ಬೇಕು.”

ನಾನು ಎರಡೂ ಟಿಕೆಟ್ ತೆಗೆದೆ.

ಟಿಕೆಟ್ ಆದ ಮೇಲೆ ಇನ್ನೊಂದು ತೊಡಕು ಬಂತು. ಬುಧವಾರ ಉತ್ತರಕ್ಕೆ ಶೂಲೆಯಂತೆ, ಆ ದಿಕ್ಕಿಗೆ ಹೊರಡಬಾರದು. ಮಂಗಳವಾರವೂ ಹಾಗೆಯೇ. ಹುಬ್ಬಳ್ಳಿ ಇರುವುದು ವಾಯವ್ಯಕ್ಕೆ, ನೇರ ಉತ್ತರಕ್ಕಲ್ಲ ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ. ಆಂಟಿಯ ಬಳಿ ಇದಕ್ಕೆ ಪರಿಹಾರ ಇದ್ದೇ ಇತ್ತು. ಹೊರಡುವವರು ಒಳ್ಳೆಯ ದಿನ ನೋಡಿ ತಮ್ಮ ಚೀಲವನ್ನು ಮೊದಲೇ ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಆ ಹೊತ್ತಿಗೇ ಪ್ರಯಾಣ ಶುರುವಾದ ಹಾಗೆ. ಆಮೇಲೆ ಮನುಷ್ಯರು ಯಾವಾಗ ಹೊರಟರೂ ದೋಷವಿಲ್ಲ. ಸೋಮವಾರ ಸಂಜೆ ಅವರು ಚೀಲ ಹೊತ್ತು ಹದಿನೈದು ಮೆಟ್ಟಿಲು ಹತ್ತಿ ಬಂದು ನನ್ನ ಬಾಗಿಲ ಬಳಿ ಇಟ್ಟರು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, “ನಾನಿನ್ನು ಹೊರಟಂಗೆ ಕಣಮ್ಮ,” ಎಂದು ಹೇಳಿ, ರಾತ್ರಿಯ ಸಾರಿಗೆ ಬೇಳೆ ಬೇಯಿಸಲು ಕೆಳಗೆ ಹೋದರು.

ಪ್ರಯಾಣ ಎಲ್ಲಿಂದ ಶುರುವಾಗುತ್ತದೆ ಎಂಬುದಕ್ಕೆ ನಮ್ಮ ಆಫೀಸಿನ ಸೂತ್ರದಲ್ಲಿ ಒಂದೇ ಉತ್ತರವಿತ್ತು. ಇಲ್ಲಿ ಅದು ಪ್ರೆಷರ್ ಕುಕ್ಕರ್ ಕೂಗುವುದಕ್ಕೆ ಮೊದಲೇ ಶುರುವಾಗಿತ್ತು.

ಮಾರನೆಯ ದಿನ ಆ ಚೀಲವನ್ನು ಒಮ್ಮೆ ಬಿಚ್ಚಬೇಕಾಯಿತು. ಆಂಟಿ ಅದರಲ್ಲಿ ಕೊಬ್ಬರಿ ಗಿಟುಕು ಇಟ್ಟಿದ್ದಾರೆಂದು ಮಾತಿನ ನಡುವೆ ತಿಳಿಯಿತು. ಕೈಚೀಲದಲ್ಲಿ ಅದನ್ನು ಬಿಡುವುದಿಲ್ಲ ಎಂದೆ. ಕೊಬ್ಬರಿಯೇನು ಬಾಂಬಾ ಎಂದು ಅವರು ಕೇಳಿದರು. ಬೇಗ ಹೊತ್ತಿಕೊಳ್ಳುತ್ತದಂತೆ, ಅದಕ್ಕೆ ಎಂದೆ. ಅವರು ಗಿಟುಕುಗಳನ್ನು ತೆಗೆದು ನನ್ನ ಅಡುಗೆಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಹಾಗೆ ತೆಗೆಯುವಾಗ ಹಾಸು ಕಂಡಿತು, ಮಗುವಿನ ಕುಲಾವಿ ಕಂಡಿತು, ಹುರಿದ ರಾಗಿಹಿಟ್ಟಿನ ಡಬ್ಬ ಕಂಡಿತು. ಅವುಗಳ ಕೆಳಗೆ ಮಡಿಚಿಟ್ಟ ರಾತ್ರಿಯ ನೈಟಿ, ಮಾರನೆಯ ದಿನದ ಸೀರೆ, ಹಲ್ಲುಜ್ಜುವ ಬ್ರಷ್ಷು. ಆಂಟಿ ಅವನ್ನೆಲ್ಲ ಆತುರವಿಲ್ಲದೆ ಮತ್ತೆ ಒಳಗಿಟ್ಟು ಜಿಪ್ ಎಳೆದರು.

ಅಂದೇ ಸಂಜೆ ಅಂಕಲ್ ನೀರಿನ ಟ್ಯಾಂಕ್ ನೋಡಲು ಮೇಲೆ ಬಂದರು. ಟ್ಯಾಂಕಿಗೆ ಹೋಗುವ ಕಬ್ಬಿಣದ ಏಣಿ ನನ್ನ ಬಾಗಿಲ ಎದುರಿಗೇ ಇತ್ತು. ಬಾಗಿಲು ತೆರೆದಿತ್ತು. ಅವರು ಏಣಿಗೆ ಕೈ ಹಾಕಿದವರು ಚೀಲವನ್ನು ನೋಡಿದರು. ಒಳಗೆ ಬರಲೇ ಎಂದು ಕೇಳುವಂತೆ ನನ್ನ ಕಡೆ ನೋಡಿ, ಹೊಸ್ತಿಲ ಆಚೆಯಿಂದಲೇ ಬಗ್ಗಿ ಅದನ್ನು ಒಂದು ಕೈಯಲ್ಲಿ ಎತ್ತಿದರು. ಹಾಗೇ ಸ್ವಲ್ಪ ಹೊತ್ತು ಹಿಡಿದಿದ್ದರು. ರಾಗಿ ಮೂಟೆಗಳನ್ನು ಎತ್ತಿ ಅಭ್ಯಾಸವಿದ್ದ ಕೈ.

“ಓಗಿ ಬರೋ ಚೀಲ ಅಲ್ಲ ಇದು,” ಎಂದರು.



ಚೀಲವನ್ನು ಅದೇ ಜಾಗದಲ್ಲಿ ಇಟ್ಟು, “ಒಂದು ಗಂಟೆ ಅಂತಾರಲ್ಲಮ್ಮ, ಅದು ಎಲ್ಲಿಂದ ಎಲ್ಲಿಗೆ?” ಎಂದು ಕೇಳಿದರು.

ನನ್ನ ಕೆಲಸದ ಬಗ್ಗೆ ಅಲ್ಲಿಯವರೆಗೆ ಯಾರೂ ಕೇಳಿರದ ಪ್ರಶ್ನೆ ಅದು. ವಿಮಾನ ಇಲ್ಲಿ ಎದ್ದು ಅಲ್ಲಿ ಇಳಿಯುವವರೆಗೆ ಎಂದೆ.

“ನಮ್ಮ ಬಾಗಿಲಿಂದಲ್ಲ.”

“ಅಲ್ಲ ಅಂಕಲ್. ನಮ್ಮ ಬಾಗಿಲಿಂದ ಏರ್‌ಪೋರ್ಟಿಗೇ ಎರಡು ಗಂಟೆ ಮೇಲಾಗುತ್ತೆ. ಅಲ್ಲಿ ಕಾಯಬೇಕು. ಆ ಕಡೆ ಇಳಿದ ಮೇಲೆ ಗದಗಿಗೆ ಮತ್ತೆ ರೋಡು.”

ದೇವನಹಳ್ಳಿ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ನಗರದ ಈ ತುದಿಯಲ್ಲಿ ಹುಟ್ಟಿದವರಿಗೆ ಆ ತುದಿ ಎಷ್ಟು ದೂರವೆಂದು ನಾನು ಹೇಳಬೇಕಾಗಿರಲಿಲ್ಲ. ಆದರೂ ಅವರು ಮೊದಲ ಸಲ ಕೇಳುವವರಂತೆ ತಲೆಯಾಡಿಸಿದರು. ತೊಟ್ಟಿಲು ಎಷ್ಟೊತ್ತಿಗೆ ಎಂದು ಕೇಳಿದರು. ಸಂಜೆ ಎಂದೆ. ವಾಪಸು ಟಿಕೆಟ್ ಯಾವಾಗಿನದು ಎಂದು ಕೇಳಿದರು. ಮಧ್ಯಾಹ್ನ ಎಂದೆ. ಅವರು ಏಣಿಯ ಮೇಲೆ ಒಂದು ಕಾಲಿಟ್ಟು ನಿಂತರು. ಹಿಂದಿನ ಕೋಣೆಗಳ ಹುಡುಗರು ಶಿಫ್ಟ್ ಮುಗಿಸಿ ಬಂದು ನಲ್ಲಿಯ ಹತ್ತಿರ ಮುಖ ತೊಳೆಯುತ್ತ ಯಾರನ್ನೋ ಛೇಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

“ವಿಮಾನ ತಪ್ಪೋದೂ ಉಂಟಲ್ವಾ?” ಎಂದರು, ನನ್ನ ಕಡೆ ನೋಡದೆ.

“ಉಂಟು.”

“ತಪ್ಪಿದ್ರೆ?”

“ಮಾರನೇ ದಿನದ್ದಕ್ಕೆ ಬರಬಹುದು.”

“ಅಂಗೆ ತಪ್ಪಿದ್ರೆ ಯಾರೂ ಏನೂ ಮಾಡೋಕಾಗಕ್ಕಿಲ್ಲ,” ಎಂದರು. ಏಣಿ ಹತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ನೀರು ನೋಡಿ, ಇಳಿದು ಹೋದರು.

ಬುಧವಾರ ನಾನು ಅರ್ಧ ದಿನ ರಜೆ ಹಾಕಿ ಆಂಟಿಯ ಜೊತೆ ನಿಲ್ದಾಣದವರೆಗೆ ಹೋದೆ. ಅದು ಅವರ ಮೊದಲ ವಿಮಾನ. ಬೆಳಕು ಹರಿಯುವ ಮುಂಚೆ ಅಂಕಲ್ ನಮ್ಮನ್ನು ಏರ್‌ಪೋರ್ಟ್ ಬಸ್ಸಿನ ಸ್ಟಾಪಿಗೆ ಕಾರಿನಲ್ಲಿ ಬಿಟ್ಟರು. ಹೆಂಡತಿಗೆ ಹೆಚ್ಚೇನೂ ಹೇಳಲಿಲ್ಲ, ಕಿಟಕಿ ಪಕ್ಕ ಕೂತರೆ ತಲೆ ಹೊರಗೆ ಹಾಕಬೇಡ ಎಂದರು. ಬಸ್ಸಿಗೆ ಹೇಳಿದರೋ ವಿಮಾನಕ್ಕೆ ಹೇಳಿದರೋ ಎಂದು ಆಂಟಿ ಸಿಲ್ಕ್ ಬೋರ್ಡ್ ದಾಟುವವರೆಗೂ ನಗುತ್ತಿದ್ದರು.

ಹೆಬ್ಬಾಳದ ಹತ್ತಿರ ಬಸ್ಸು ತುಸು ನಿಂತಿತು. ಆಂಟಿ ಫೋನಿನಲ್ಲಿ ಸಮಯ ನೋಡಿ, “ಇಷ್ಟೊತ್ತಿಗೆ ಹುಬ್ಬಳ್ಳಿಗೆ ಹೋಗಿ ವಾಪಸ್ ಬಂದಿರ್ತಿದ್ದೆ,” ಎಂದರು. ಆಮೇಲೆ ಮುಂದಿನ ಸೀಟಿನವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ, ಮಧ್ಯಾಹ್ನದ ವಿಮಾನವನ್ನು ತಾನು ಹತ್ತುವುದಿಲ್ಲವೆಂದೂ, ಇವತ್ತು ಮನೆಯಲ್ಲಿ ಕೇಳಿದರೆ ನನಗೇನೂ ಗೊತ್ತಿಲ್ಲ ಎನ್ನಬೇಕೆಂದೂ ಹೇಳಿದರು. “ತಪ್ಪೋಯ್ತು ಅಂತೀನಿ. ನಂಬಿದ್ರೆ ನಂಬಲಿ. ನಾಳೆ ಬಂದು ಬೈಸ್ಕೋತೀನಿ. ಮಗಳ ಕೂಸನ್ನ ತೊಟ್ಟಿಲಿಗೆ ಹಾಕದೆ ಬಂದೆ ಅನ್ನೋದು ಸಾಯೋವರೆಗೂ ಇರುತ್ತೆ ಕಣಮ್ಮ, ಬೈಗಳ ಎರಡು ದಿನ ಇರುತ್ತೆ.”

ಒಂದೇ ಮನೆಯ ಇಬ್ಬರು ಒಂದೇ ಸುಳ್ಳನ್ನು ಬೇರೆ ಬೇರೆಯಾಗಿ ಸಿದ್ಧಪಡಿಸಿಕೊಂಡಿದ್ದರು. ಎರಡನ್ನೂ ಕೇಳಿದವಳು ನಾನೊಬ್ಬಳೇ. ಅಂಕಲ್ ಏಣಿಯ ಹತ್ತಿರ ನಿಂತು ಕೇಳಿದ್ದನ್ನು ಆಗಲೇ ಹೇಳಿಬಿಟ್ಟರೆ ಆಂಟಿ ನಿರಾಳವಾಗಿ ಹೋಗುತ್ತಿದ್ದರು. ಆದರೆ ಅಂಕಲ್ ಅದನ್ನು ನನಗೆ ಹೇಳಿದ ರೀತಿಯಲ್ಲಿ, ಇದು ಹೆಂಡತಿಗೆ ತಲುಪಬಾರದು ಎಂಬುದೂ ಇತ್ತು. ತಾವು ಒಪ್ಪಲಿಲ್ಲ, ವಿಮಾನ ತಪ್ಪಿತು. ಅವರಿಗೆ ಅಷ್ಟು ಬೇಕಿತ್ತು. ನಾನು ಆಂಟಿಗೆ ಹೂಂ ಎಂದಷ್ಟೇ ಹೇಳಿ, ನಿಲ್ದಾಣದ ಬಾಗಿಲಲ್ಲಿ ಟಿಕೆಟ್ಟಿನ ಜೊತೆ ಆಧಾರ್ ಕಾರ್ಡ್ ತೋರಿಸಬೇಕಾದದ್ದನ್ನು ಮತ್ತೊಮ್ಮೆ ವಿವರಿಸಿದೆ. ಅವರು ಒಳಗೆ ಹೋದ ಮೇಲೆ ಗಾಜಿನಾಚೆ ಚೀಲವನ್ನು ಎದೆಗೆ ಅವುಚಿಕೊಂಡು, ತಪಾಸಣೆಯ ಪಟ್ಟಿಯ ಮೇಲೆ ಇಡಲು ಹೇಳಿದವನ ಜೊತೆ ವಾದ ಮಾಡುತ್ತಿದ್ದುದು ಕಾಣುತ್ತಿತ್ತು.

ಮಧ್ಯಾಹ್ನ ಮೂರು ದಾಟಿದ ಮೇಲೆ ಅಂಕಲ್ ಮೂರು ಸಲ ಜಗಲಿಗೆ ಬಂದು ಹೋದರು. ನಾನು ಆಫೀಸಿಗೆ ಹೋಗದೆ ಮೇಲೆಯೇ ಕೂತು ಉಳಿದ ಕೆಲಸ ಮಾಡುತ್ತಿದ್ದೆ. ನಾಲ್ಕರ ಹೊತ್ತಿಗೆ ಮೇಲೆ ಬಂದು, ವಿಮಾನ ಎದ್ದಿತೇ ಎಂದು ಕೇಳಿದರು. ಲ್ಯಾಪ್‌ಟಾಪಿನಲ್ಲಿ ನೋಡಿ, ಎದ್ದಿದೆ ಎಂದೆ. ಸರಿ ಎಂದರು. ಅವರ ಹೆಂಡತಿ ಅದರಲ್ಲಿದ್ದಾರೆಯೇ ಎಂಬುದು ನನಗೂ ಅವರಿಗೂ ಆ ಪರದೆಯಲ್ಲಿ ಕಾಣುವಂತಿರಲಿಲ್ಲ. ಆಂಟಿಯ ಫೋನ್ ಬರಲಿಲ್ಲ. ಇವರೂ ಮಾಡಲಿಲ್ಲ. ಈಗ ಯೋಚಿಸಿದರೆ, ಹೆಂಡತಿ ನಿಜವಾಗಿ ಹತ್ತಿ ಬಂದುಬಿಟ್ಟಿರಬಹುದು ಎಂಬ ಅಂಜಿಕೆ ಅವರಿಗಿತ್ತೇನೋ. ಮೆಟ್ಟಿಲಿನ ಮೇಲೆಯೇ ಕೂತುಬಿಟ್ಟರು. ನಾನು ಕಾಫಿ ಮಾಡಿ ಕೊಟ್ಟೆ.

ಬೀದಿಯ ದೀಪ ಹತ್ತಿದ ಮೇಲೆ ಫೋನ್ ಬಂತು. ಆಂಟಿಯ ದನಿ ನನಗೂ ಕೇಳುವಷ್ಟು ದೊಡ್ಡದಾಗಿತ್ತು. ಗದಗಿನಿಂದ ಬರುವಾಗ ಟ್ರಾಫಿಕ್ ಜಾಮ್ ಆಯಿತು, ಹೋಗುವಷ್ಟರಲ್ಲಿ ವಿಮಾನ ಹೋಗಿಬಿಟ್ಟಿತ್ತು ಎಂದು ಒಂದೇ ಉಸಿರಿಗೆ ಹೇಳಿದರು.

“ಗದಗಿನಾಗೆ ಟ್ರಾಫಿಕ್ಕಾ?” ಎಂದರು ಅಂಕಲ್.

ಆಂಟಿ ಜೀವಮಾನವಿಡೀ ಹೊಸೂರು ರಸ್ತೆಯ ಪಕ್ಕದಲ್ಲಿದ್ದವರು. ತಡವಾಯಿತು ಎನ್ನಲು ಅವರಿಗೆ ಬೇರೆ ಕಾರಣ ಹೊಳೆದಿರಲಿಲ್ಲ. ಅಂಕಲ್ ಫೋನನ್ನು ಕಿವಿಯಿಂದ ತುಸು ದೂರ ಹಿಡಿದು ಮುಖ ಆಚೆ ತಿರುಗಿಸಿದರು. ನಗು ತಡೆದು ಅವರ ಭುಜ ಅಲುಗುತ್ತಿತ್ತು.

“ಆಗ್ಲಿ ಬಿಡು,” ಎಂದರು ಆಮೇಲೆ. “ಅಳಿಯನ ಕೈಗೆ ಕೊಡು.”

ಆ ಮನೆಯಲ್ಲಿ ಆ ಪದವನ್ನು ನಾನು ಕೇಳಿದ್ದು ಅದೇ ಮೊದಲು. ಫೋನು ಕೈಯಿಂದ ಕೈಗೆ ಹೋದ ಸದ್ದು, ಯಾರೋ ಗಂಟಲು ಸರಿಮಾಡಿಕೊಂಡ ಸದ್ದು. ಅಂಕಲ್ ಯೋಗಕ್ಷೇಮ ಕೇಳಲಿಲ್ಲ. “ನೋಡಿ, ಒಸಾ ಜಾಗದಾಗೆ ಅವಳಿಗೆ ನಿದ್ದೆ ಬರಕ್ಕಿಲ್ಲ. ಗಾಳಿ ಆಡೋ ಕಡೆ ಆಸಿಕೊಡಿ,” ಎಂದರು. ತಮ್ಮ ಹಿತ್ತಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗನಿಗೆ ಅವರು ಹಿಂದೆ “ನೋಡಿ”, “ಕೊಡಿ” ಎಂದು ಬಹುವಚನ ಹಚ್ಚಿರಲಾರರು.

ಅತ್ತ ಹೆಂಗಸರು ಸೇರಿದ್ದರು, ಹಾಡು ಶುರುವಾಗಿತ್ತು. ಅಳಿಯ ಫೋನ್ ಇಡಲಿಲ್ಲ, ಇವರೂ ಇಡಲಿಲ್ಲ. ಸ್ಪೀಕರಿಗೆ ಹಾಕಿ ಮೆಟ್ಟಿಲಿನ ಮೇಲೆ ತಮ್ಮ ಪಕ್ಕದಲ್ಲಿಟ್ಟುಕೊಂಡರು. ಹಾಡು ನಿಂತು, ಯಾರೋ ಕುರ್ರ್ ಎಂದರು. ಅದರ ಹಿಂದೆಯೇ ಬೆನ್ನಿನ ಮೇಲೆ ದಬದಬ ಗುದ್ದು ಬಿದ್ದ ಸದ್ದು, ದೊಡ್ಡ ನಗು.

ಅಂಕಲ್ ಗಾಬರಿಯಾಗಿ ನನ್ನನ್ನು ನೋಡಿದರು. ನಾನು ದಾವಣಗೆರೆ ಕಡೆಯವಳಾದ್ದರಿಂದ ನನಗೆ ಗೊತ್ತಿತ್ತು. ಮಗುವಿನ ಸೋದರತ್ತೆ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವಾಗ ಸುತ್ತಲಿನವರು ಅವಳ ಬೆನ್ನಿಗೆ ಗುದ್ದುತ್ತಾರೆ, ಆ ಕಡೆಯ ಪದ್ಧತಿ ಎಂದು ಹೇಳಿದೆ. ಅವರು ಅದನ್ನು ಗಂಭೀರವಾಗಿ ಕೇಳಿಸಿಕೊಂಡರು. ಫೋನಿನಲ್ಲಿ ಎರಡನೆಯ ಸುತ್ತಿನ ಗುದ್ದು ಶುರುವಾಯಿತು. ಆ ನಗುವಿನ ನಡುವೆ ಆಂಟಿಯ ನಗು ಬೇರೆಯಾಗಿ, ಸ್ಪಷ್ಟವಾಗಿ ಕೇಳುತ್ತಿತ್ತು.

“ಟ್ರಾಫಿಕ್ ಅಂದಿದ್ದಕ್ಕೆ ನಮ್ಮೋಳ ಬೆನ್ನಿಗೂ ಒಂದು ಬೀಳ್ಲಿ,” ಎಂದು ಅಂಕಲ್ ಸ್ವಲ್ಪ ಸರಿದು ಕೂತು, ಫೋನನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.